ಯೂರೋಪಲ್ಲಿ ಪಿಎಚ್‌ಡಿ ಬೇಕಾ? ಅಡ್ಮಿಷನ್ ಪೇಜ್ ಬಿಡಿ, ಕೆಲ್ಸದ ಪೇಜ್ ನೋಡಿ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮುಗ್ಸೋ ಹುಡುಗ್ರೆಲ್ಲ ಕೇಳೋದು ಒಂದೇ, ಅಲ್ಲಿ ಪಿಎಚ್‌ಡಿ ಅಡ್ಮಿಷನ್ ಯಾವಾಗ ಓಪನ್ ಆಗುತ್ತೆ, ಫೀಸ್ ಎಷ್ಟು ಅಂತ. ದಾರಿ ತಪ್ಪೋದೇ ಅಲ್ಲಿ ಕಣ್ರಪ್ಪ. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆ ಪಿಎಚ್‌ಡಿ ಅಂದ್ರೆ ಹೆಚ್ಚುಕಮ್ಮಿ ಒಂದು ನೌಕ್ರಿ, ಕಾಂಟ್ರ್ಯಾಕ್ಟ್‌ಗೆ ಸೈನ್ ಹಾಕ್ತೀರಿ, ತಿಂಗ್ಳು ತಿಂಗ್ಳು ಸಂಬ್ಳ ಬರುತ್ತೆ, ಟ್ಯಾಕ್ಸೂ ಹಿಡೀತಾರೆ. ಹಂಗಾಗಿ ಯೂನಿವರ್ಸಿಟಿ ಸೈಟಲ್ಲಿ ವೇಕೆನ್ಸಿ ಪೇಜ್ ತೆಗೀರಿ.

ಈ ಕೆಲ್ಸಗಳ್ನ ಒಂದೇ ಕಡೆ ಹಾಕೋ ವೆಬ್‌ಸೈಟ್‌ಗಳೂ ಇವೆ, ಇಡೀ ಯೂರೋಪಿಗೆ ಯುರಾಕ್ಸೆಸ್, ನೆದರ್ಲೆಂಡ್ಸಿಗೆ ಅಕಾಡೆಮಿಕ್ ಟ್ರಾನ್ಸ್‌ಫರ್, ನಾರ್ವೆಗೆ ಜಾಬ್‌ನೋರ್ಗೆ. ಜರ್ಮನಿ ಆದ್ರೆ ಡಾಡ್ (DAAD) ಅನ್ನೋ ಅಲ್ಲಿನ ಸಂಸ್ಥೆ ಕೊಡೋ ಸ್ಕಾಲರ್‌ಶಿಪ್ ಜೊತೆಗೆ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯವ್ರ ರಿಸರ್ಚ್ ಸ್ಕೂಲ್‌ಗಳನ್ನೂ ನೋಡಿ. ಜರ್ಮನಿ ಆ್ಯಡಲ್ಲಿ ಇ13, 65% ಅಂತ ಇದ್ರೆ ಅದು ಸಂಬಳದ ಲೆಕ್ಕ, ಇ13 ಅನ್ನೋದು ಸಂಬಳದ ಗ್ರೇಡು, ಆ ಗ್ರೇಡಿನ ಪೂರ್ತಿ ಸಂಬಳದಲ್ಲಿ ಅಷ್ಟು ಭಾಗ ಕೊಡ್ತಾರೆ, ಆದ್ರೆ ಲ್ಯಾಬಲ್ಲಿ ದುಡಿಯೋದು 65% ಅಂತ ಮಾತ್ರ ಅನ್ಕೋಬೇಡಿ.

ನಮ್ಮವ್ರು ಜಾಸ್ತಿ ನೋಡ್ದೇ ಬಿಟ್ಬಿಡೋದು ಯೂರೋಪಿಯನ್ ಯೂನಿಯನ್ ದುಡ್ಡು ಕೊಡೋ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಪಿಎಚ್‌ಡಿ ಪೊಸಿಷನ್‌ಗಳ್ನ. ಯಾವ ದೇಶದವ್ರಾದ್ರೂ ಹಾಕ್ಬೋದು. ರೂಲ್ ಏನಂದ್ರೆ ಕೆಲ್ಸಕ್ಕೆ ಸೇರೋಕ್ಕೆ ಮುಂಚಿನ 36 ತಿಂಗ್ಳಲ್ಲಿ ಆ ಕೆಲ್ಸ ಇರೋ ದೇಶದಲ್ಲಿ 12 ತಿಂಗ್ಳಿಗಿಂತ ಜಾಸ್ತಿ ಇದ್ದಿರ್ಬಾರ್ದು. ಮೈಸೂರು ಬಿಟ್ಟು ಎಲ್ಲೂ ಹೋಗಿಲ್ದೋರಿಗೆ ಇದು ಲಾಟ್ರಿ ಹೊಡ್ದಂಗೆ, ಅಲ್ಲೇ ಎಂಎಸ್ ಮಾಡ್ತಿರೋರಿಗೇ ಅಡ್ಡ ಬರೋದು.

ಆ್ಯಡ್ ಇಲ್ದಿದ್ರೂ ಪ್ರೊಫೆಸರ್‌ಗೆ ಮೇಲ್ ಹಾಕ್ಬೋದು, ಆದ್ರೆ ದಯವಿಟ್ಟು ‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್’ ಅಂತ ಒಂದೇ ಮೇಲನ್ನ ಐವತ್ತು ಜನಕ್ಕೆ ತಳ್ಬೇಡಿ, ಓದ್ದೇನೇ ಡಿಲೀಟ್ ಮಾಡ್ತಾರೆ. ಈಗ ಮಂಡ್ಯದ ವಿಸಿ ಫಾರಂ ಕೃಷಿ ಕಾಲೇಜಿನ ಹುಡುಗಿ ಒಬ್ಳು ನಾಲೆ ನೀರಿನ ಗದ್ದೇಲಿ ಮಣ್ಣು ಚೌಳಾಗೋದ್ರ ಮೇಲೆ ಥೀಸಿಸ್ ಮಾಡಿದಾಳೆ ಅನ್ಕೊಳಿ, ನೆದರ್ಲೆಂಡ್ಸಿನ ವಾಗನಿಂಗನ್ ಯೂನಿವರ್ಸಿಟೀಲಿ ಮಣ್ಣಿನ ಮೇಲೆ ಕೆಲ್ಸ ಮಾಡೋ ಗ್ರೂಪಿನ ಎರಡು ಪೇಪರ್ ಓದ್ಲಿ, ಮೊದಲ್ನೇ ಸಾಲಲ್ಲೇ ನಿಮ್ಮ ಆ ಪೇಪರಲ್ಲಿ ಹೀಗಂದಿದೀರಿ, ಕಬ್ಬಿನ ಗದ್ದೇಲಿ ನಾನು ಅಳೆದಾಗ ಹೀಗೆ ಬಂತು ಅಂತ ಬರೀಲಿ. ಹತ್ತು ಹನ್ನೆರಡು ಸಾಲು ಸಾಕು, ಜೊತೆಗೆ ಎರಡು ಪುಟದ ಸಿವಿ. ಹೆಸ್ರು ಹಿಡ್ದೇ ಬರೀರಿ, ಡಿಯರ್ ಡಾಕ್ಟರ್ ಇಂಥೋರೇ ಅಂತ, ಅವ್ರಲ್ಲಿ ಎಷ್ಟೋ ಜನ ಲೇಡೀಸು, ಸರ್ ಅಂದ್ರೆ ಅಲ್ಲಿಗೆ ಮುಗೀತು. ಎರಡು ವಾರ ಉತ್ರ ಬರ್ದಿದ್ರೆ ಒಂದೇ ಒಂದ್ಸಲ ನೆನಪು ಮಾಡಿ, ಆಮೇಲೆ ಮುಂದಿನವ್ರಿಗೆ.

ದುಡ್ಡಿನ ವಿಷ್ಯ. ಸಂಬ್ಳದ ಪೊಸಿಷನ್ ಸಿಗದೆ ಬರೀ ಸೀಟ್ ಸಿಕ್ಕಿದ್ರೆ ಹೊರಡೋಕ್ಕೆ ಮುಂಚೆ ಯೋಚ್ನೆ ಮಾಡಿ, ಗದ್ದೆ ಅಡ ಇಟ್ಟು ಪಿಎಚ್‌ಡಿಗೆ ಹೋಗೋದು ನನ್ಗಂತೂ ಸರಿ ಕಾಣಲ್ಲ. ಎಸ್‌ಸಿ ಸಮುದಾಯದವ್ರು, ಭೂಮಿ ಇಲ್ದ ಕೃಷಿ ಕೂಲಿ ಮನೆಯವ್ರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯವ್ರು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಿ, ಮನೆ ಆದಾಯ ವರ್ಷಕ್ಕೆ 8 ಲಕ್ಷ ಮೀರ್ಬಾರ್ದು, ಪಿಎಚ್‌ಡಿಗೂ ಸಿಗುತ್ತೆ.

ಟ್ರಾನ್ಸ್‌ಕ್ರಿಪ್ಟ್, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು ಅನ್ನೋ ಸರ್ಟಿಫಿಕೇಟು ಈಗ್ಲೇ ತೆಗೆದಿಡಿ, ಕೆಲವು ಕಡೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬದ್ಲು ಆ ಸರ್ಟಿಫಿಕೇಟೇ ನಡ್ಯುತ್ತೆ. ರೆಫರೆನ್ಸ್‌ಗೆ ಹೆಸ್ರು ಕೊಡೋಕ್ಕೆ ಮುಂಚೆ ಗೈಡ್‌ನ ಕೇಳಿ, ಯಾವ ಐಡಿಗೆ ಮೇಲ್ ಬಂದ್ರೆ ನೋಡ್ತಾರೆ ಅನ್ನೋದನ್ನೂ ಕೇಳ್ಕೊಳಿ, ಎಷ್ಟೋ ಮೇಷ್ಟ್ರು ಡಿಪಾರ್ಟ್‌ಮೆಂಟ್ ಐಡಿ ತೆಗೆಯೋದೇ ಇಲ್ಲ.