ಹತ್ತು ಅಡಿ ಅಗಲದ ಪಡಸಾಲೆಯಲ್ಲಿ ಹೋಮ್ ಥಿಯೇಟರ್

ವಿಜಯಪುರದಲ್ಲಿ ಪರಿಚಿತರ ಮನೆಗೆ ಹೊಸ ಹೋಮ್ ಥಿಯೇಟರ್ ಬಂದಾಗಲೆಲ್ಲ ನಾನು ಕಾಣುವ ದೃಶ್ಯ ಒಂದೇ: ಐದೂ ಸ್ಪೀಕರುಗಳು ಶೋಕೇಸಿನಲ್ಲಿ ಸಾಲಾಗಿ ನಿಂತಿರುತ್ತವೆ, ತಗ್ಗು ಸ್ವರ ಹೊರಡಿಸುವ ಸಬ್‌ವೂಫರ್ ಕೆಳಗಿನ ಖಾನೆಯಲ್ಲಿ ತುರುಕಲ್ಪಟ್ಟಿರುತ್ತದೆ. ವಾರದೊಳಗೆ ದೂರು ಬರುತ್ತದೆ, "ಮಾತು ಒಂದೂ ತಿಳಿಯಂಗಿಲ್ರಿ, ಬರೇ ಗುಂಯ್ ಅಂತೈತಿ." ದೋಷ ಯಂತ್ರದ್ದಲ್ಲ, ಜೋಡಣೆಯದು.

ಖರೀದಿಯ ಬಗ್ಗೆ ಎರಡೇ ಮಾತು. ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕ ಬರೆದಿದ್ದರೆ ಅದನ್ನು ಮರೆತು, ಸತತವಾಗಿ ಸಿಗುವ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿ ಕೇಳಬೇಕು. ವೈರ್ ಶುದ್ಧ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ವೈರನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಎಡ ಮತ್ತು ಬಲ ಸ್ಪೀಕರುಗಳು ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಕೂರುವ ಜಾಗದಿಂದ ಅವು ಎಂಟು ಅಡಿ ದೂರವಿದ್ದರೆ, ಅವೆರಡರ ನಡುವೆ ಆರರಿಂದ ಎಂಟು ಅಡಿ ಅಂತರವಿರಲಿ. ಸಂಭಾಷಣೆ ಹೊರಡುವ ನಡುವಿನ ಸ್ಪೀಕರನ್ನು ಟಿವಿಯ ಕೆಳಗಿಟ್ಟು, ಅದರ ಮುಖ ಕಿವಿಯತ್ತ ತಿರುಗುವಂತೆ ಮುಂಭಾಗವನ್ನು ತುಸು ಎತ್ತಬೇಕು. ಸರೌಂಡ್ ಸ್ಪೀಕರುಗಳು ಆಸನದ ಎರಡೂ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೆ ಸಾಕು.

ಜನ ಎಡವುವುದು ಸಬ್‌ವೂಫರಿನಲ್ಲಿ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ತಗ್ಗು ಸ್ವರ ಎದುರುಬದುರು ಗೋಡೆಗಳ ನಡುವೆ ಪುಟಿಯುತ್ತ, ಗೋಡೆಯ ಬಳಿ ಉಬ್ಬಿ, ಕೋಣೆಯ ನಟ್ಟನಡುವೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದ್ದರಿಂದ ಆಸನವನ್ನು ನಟ್ಟನಡುವೆಯೂ ಇಡಬಾರದು, ಹಿಂದಿನ ಗೋಡೆಗೂ ಒತ್ತಬಾರದು. ಒಂದೂವರೆ ಅಡಿ ಮುಂದಕ್ಕೆ ಎಳೆಯಬೇಕು. ಬಳಿಕ ಸಬ್‌ವೂಫರನ್ನು ತಾವು ಕೂರುವ ದಿವಾನದ ಮೇಲೆಯೇ ಇಟ್ಟು, ತಗ್ಗು ಸ್ವರಗಳು ಮೇಲಿಂದ ಮೇಲೆ ಬರುವ ಒಂದು ಹಾಡನ್ನು ಹಚ್ಚಿ, ಕಿವಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟುಕೊಂಡು ಗೋಡೆಯ ಅಂಚಿನುದ್ದಕ್ಕೂ ಅಂಬೆಗಾಲಿಡಬೇಕು. ನಾನು ಹೀಗೆ ಹರಿದಾಡುವಾಗ ಮನೆಯವರು ಬಾಗಿಲಲ್ಲಿ ನಿಂತು, "ಏನ್ ಕಳಕೊಂಡೀರಿ?" ಎಂದು ಕೇಳಿದ್ದರು. ಮೂಲೆಯಲ್ಲಿ ಸದ್ದು ಡೊಳ್ಳಿನಂತೆ ಉಬ್ಬುತ್ತದೆ, ನಾಲ್ಕು ಅಡಿ ಸರಿದರೆ ಕೆಲವು ಸ್ವರಗಳು ಮಾಯವಾಗುತ್ತವೆ, ಎಲ್ಲೋ ಒಂದು ಕಡೆ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ, ಒಂದೇ ತೂಕದಲ್ಲಿ ಕೇಳಿಸುತ್ತದೆ. ಅಲ್ಲಿ ಖಡುವಿನಿಂದ ಗುರುತು ಹಾಕಿ ಸಬ್‌ವೂಫರನ್ನು ತಂದಿಡಬೇಕು. ನಮ್ಮಲ್ಲಿ ಆ ಜಾಗ ಬಾಗಿಲಿಗೂ ಕಬ್ಬಿಣದ ಕಪಾಟಿಗೂ ನಡುವೆ ಸಿಕ್ಕಿತು. ಮೊದಲ ದಿನ ಕಪಾಟಿನ ಹಿಡಿಕೆಯೇ ಟರ್‍ರೆಂದು ನಡುಗಿದ್ದರಿಂದ ಅದರ ಹಿಂದೆ ಸೈಕಲ್ ಟ್ಯೂಬಿನ ತುಂಡು ಸೇರಿಸಬೇಕಾಯಿತು.

ಇನ್ನು ಪ್ರತಿಧ್ವನಿ. 1656ರ ಸುಮಾರಿಗೆ ಮುಗಿದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರಳಿ ಬರುವುದು ನಮಗೆ ಹೆಮ್ಮೆ, ಆದರೆ ಪಡಸಾಲೆಗೆ ಆ ಗುಣ ಬೇಡ. ಫರಸಿ ನೆಲ, ಬರಿ ಗೋಡೆಗಳ ಕೋಣೆಯಲ್ಲಿ ಚಪ್ಪಾಳೆ ತಟ್ಟಿದಾಗ ಟಣ್ಣೆಂಬ ಬಾಲ ಉಳಿದರೆ ನೆಲಕ್ಕೆ ದಪ್ಪ ಜಮಖಾನ ಹಾಸಿ, ಸ್ಪೀಕರಿನ ಪಕ್ಕದ ಗೋಡೆಗಳಿಗೆ ನಾಲ್ಕೈದು ಪದರಿನ ಕೌದಿಯನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ತೂಗುಹಾಕಬೇಕು. ಆನ್‌ಲೈನಿನಲ್ಲಿ ಸಿಗುವ ಬೆರಳುದಪ್ಪದ ಫೋಮ್ ಹಾಳೆಗಳಿಗಿಂತ ನನಗೆ ಅಜ್ಜಿ ಹೊಲಿದ ಕೌದಿಯೇ ಮೇಲು. ಸಬ್‌ವೂಫರಿನ ಗುಂಯ್‌ಗುಡುವಿಕೆಗೆ ಮಾತ್ರ ಕೌದಿ ಮದ್ದಲ್ಲ.

ಕೊನೆಗೆ ಟಿವಿಯ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಕಿಂಡಿಗೆ, ಸ್ಪೀಕರುಗಳಿಗೆ ಧ್ವನಿ ಹಂಚುವ ರಿಸೀವರಿನ ಕೇಬಲ್ ಸೇರಿಸಿ, ಟಿವಿಯಲ್ಲಿ ಧ್ವನಿಯ ಸೆಟ್ಟಿಂಗನ್ನು ಪಿಸಿಎಂನಿಂದ ಬಿಟ್‌ಸ್ಟ್ರೀಮಿಗೆ ಬದಲಿಸಬೇಕು. ಇಲ್ಲವಾದರೆ ಆರು ಚಾನೆಲ್‌ಗಳ ಧ್ವನಿ ಎರಡಕ್ಕೆ ಇಳಿಯುತ್ತದೆ. ರಿಸೀವರಿನಲ್ಲಿ ಪುಟ್ಟ ಸ್ಪೀಕರುಗಳನ್ನು 'ಸ್ಮಾಲ್' ಎಂದು ಗುರುತಿಸಿ, ತಗ್ಗು ಸ್ವರಗಳನ್ನು ಸಬ್‌ವೂಫರಿಗೆ ಬಿಟ್ಟುಕೊಡುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಟ್ಟು ಶುರುಮಾಡಿರಿ. ಆಮೇಲೂ ಮಾತು ಮಂಕೆನಿಸಿದರೆ ಒಟ್ಟು ಸದ್ದನ್ನು ಏರಿಸದೆ, ನಡುವಿನ ಸ್ಪೀಕರನ್ನಷ್ಟೇ ಎರಡು ಡೆಸಿಬಲ್ ಹೆಚ್ಚಿಸಿ ನೋಡಿರಿ.