ಹೂಮಳೆ ಬರುವ ತನಕ, ಬಂದ ಮೇಲೆ

ಕೊಡಗಿನಲ್ಲಿ ಕಾಫಿ ತೋಟ ಇಟ್ಟುಕೊಂಡವರನ್ನು ಫೆಬ್ರವರಿ ಕೊನೆಯಲ್ಲಿ ನಿಲ್ಲಿಸಿ ಮಳೆ ಬೇಕಾ ಬೇಡವಾ ಅಂತ ಕೇಳಿದರೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಗಿಡದಲ್ಲಿ ಮೊಗ್ಗು ನಿಂತಿದೆ, ಅದು ಅರಳಲು ಮಳೆ ಬೇಕು, ಅದೇ ಹೂಮಳೆ. ಕಣದಲ್ಲಿ ಹಣ್ಣು ಹರಡಿದೆ, ಅದಕ್ಕೆ ಬೇಡ. ಬಳ್ಳಿಯಿಂದ ಇಳಿಸಿದ ಕಾಳುಮೆಣಸು ಟಾರ್ಪಾಲಿನ ಮೇಲೆ ಅರ್ಧ ಒಣಗಿದೆ, ಅದಕ್ಕಂತೂ ಬೇಡವೇ ಬೇಡ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿತೆಂದರೆ ಮನೆಯಲ್ಲಿ ಒಬ್ಬರು ದೇವರಿಗೆ ಕೈ ಮುಗಿಯುತ್ತಾರೆ, ಇನ್ನೊಬ್ಬರು ಕಣಕ್ಕೆ ಓಡುತ್ತಾರೆ. ನಾನು ಓಡುವ ಪೈಕಿ.

ನಮ್ಮದು ಸಿದ್ದಾಪುರದ ಕಡೆ ಸಣ್ಣ ತೋಟ, ರೋಬಸ್ಟಾ ಜಾತಿಯ ಕಾಫಿ. ಪಂಚಾಂಗದಲ್ಲಿ ವಸಂತ ಯಾವತ್ತು ಶುರುವಾದರೂ ನಮಗೆ ಅದು ಶುರುವಾಗುವುದು ಗಿಡಕ್ಕೆ ನೀರು ಬಿದ್ದ ಏಳೆಂಟು ದಿನಕ್ಕೆ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಮೊಗ್ಗು ಬೆಳೆದು ಹಸಿರಾಗಿ, ಬಿಗಿಯಾಗಿ ಕಾಯುತ್ತಿರುತ್ತದೆ. ಒಂದು ಒಳ್ಳೆಯ ಮಳೆ ಬಿತ್ತೋ, ಉಬ್ಬಿ ಬೆಳ್ಳಗಾಗಿ ತೋಟವಿಡೀ ಒಂದೇ ಬೆಳಿಗ್ಗೆ ಬಿರಿಯುತ್ತದೆ. ಅರೆಬರೆ ಮಳೆ ಬಿದ್ದರೆ ಮಾತ್ರ ಕಷ್ಟ. ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳುವಷ್ಟು ಶಕ್ತಿ ಬರುವುದಿಲ್ಲ, ಅಲ್ಲೇ ಕರಟಿ ಹೋಗುತ್ತದೆ. ಕೊಯ್ಲು ಮುಗಿಯುವ ಮೊದಲೇ ಮಳೆ ಬಂದರೆ ಇನ್ನೊಂದು ಫಜೀತಿ. 2021ರ ಜನವರಿಯಲ್ಲಿ ಹಾಗೇ ಆಯಿತು. ಒಂದೇ ರೆಂಬೆಯಲ್ಲಿ ಹಣ್ಣೂ ಇತ್ತು, ಹೂವೂ ಇತ್ತು. ಹಣ್ಣಿಗೆ ಕೈ ಹಾಕಿದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣೇ ಉದುರುತ್ತದೆ.

ಆಕಾಶವನ್ನು ನಂಬಿ ಕೂರಲು ಆಗದೆ ಈಗ ನಾವೇ ಸ್ಪ್ರಿಂಕ್ಲರ್ ಹಾಕುತ್ತೇವೆ. ಕೊಯ್ಲು ಮುಗಿದ ಬ್ಲಾಕಿಗೆ ಮೊದಲು, ಮುಗಿಯದ್ದಕ್ಕೆ ಆಮೇಲೆ. ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಗಂಟೆ ಹೇಳುತ್ತಾರೆ. ನನಗೆ ಗಂಟೆಯ ಲೆಕ್ಕದ ಮೇಲೆ ನಂಬಿಕೆಯಿಲ್ಲ. ನಮ್ಮ ಪಂಪೇ ಬೇರೆ, ಅವರ ಪಂಪೇ ಬೇರೆ, ಏರಿನ ಮೇಲೆ ಪ್ರೆಶರ್ ಬೇರೆ, ತಗ್ಗಿನಲ್ಲಿ ಬೇರೆ. ಬಾಯಿ, ಬುಡ ಒಂದೇ ಅಗಲ ಇರುವ ಖಾಲಿ ಡಬ್ಬಗಳನ್ನು ನೀರು ಚಿಮ್ಮುವ ಜೆಟ್ಟಿನ ಹತ್ತಿರ ಒಂದು, ನಡುವೆ ಒಂದು, ನೀರು ಮುಟ್ಟುವ ಅಂಚಿನಲ್ಲಿ ಒಂದು ಹಾಗೆ ಇಟ್ಟುಬಿಡುತ್ತೇನೆ. ಮಗಳ ಶಾಲೆಯ ಸ್ಕೇಲನ್ನು ಡಬ್ಬಕ್ಕೆ ಇಳಿಸಿ ನೋಡಿದಾಗ ಒಂದೂವರೆ ಇಂಚು ನಿಂತಿದ್ದರೆ ಆ ಜಾಗಕ್ಕೆ ಸಾಕು, ಲೈನ್ ಬದಲಿಸಬಹುದು. ಅಂಚಿನ ಡಬ್ಬದಲ್ಲಿ ಯಾವಾಗಲೂ ಕಡಿಮೆ ಇರುತ್ತದೆ. ಮುಂದಿನ ಜೆಟ್ಟನ್ನು ಸ್ವಲ್ಪ ಹತ್ತಿರಕ್ಕೆ ತಂದು ಎರಡರ ನೀರೂ ಅಲ್ಲಿ ಬೀಳುವಂತೆ ಮಾಡಬೇಕು.

ಹಗಲು ಗಾಳಿಗೆ ನೀರು ಪಕ್ಕದ ತೋಟಕ್ಕೆ ಹಾರುತ್ತದೆ. ರಾತ್ರಿ ಗಾಳಿ ಇಲ್ಲ, ತ್ರೀ ಫೇಸ್ ಕರೆಂಟೂ ಹೆಚ್ಚಾಗಿ ಆಗಲೇ ಬರುವುದು, ವೋಲ್ಟೇಜ್ ಮೋಟರ್ ತಿರುಗುವಷ್ಟಿದ್ದರೆ. ಆದರೆ ರಾತ್ರಿ ಆನೆಯೂ ಬರುತ್ತದೆ. ಹಲಸು ಕಾಯಿ ಕಚ್ಚುವ ಕಾಲ ನೋಡಿ. ಹೋದ ವರ್ಷ ಲೈನ್ ಬದಲಿಸಲು ಹೋದ ಹುಡುಗ ಫೋನ್ ಮಾಡಿದ: "ಅಕ್ಕಾ, ಮೇಲಿನ ಲೈನ್ ಹತ್ರ ಕೊಂಬೆ ಮುರಿಯೋ ಸದ್ದು ಬರ್ತಿದೆ. ಹೋಗ್ಲಾ, ಬೇಡ್ವಾ?"

"ಬೇಡ ಮಾರಾಯ, ಪೈಪ್ ಹೋದ್ರೆ ಹೋಗ್ಲಿ. ನೀನು ಮನೆಗೆ ಬಾ."

ಬೆಳಿಗ್ಗೆ ಹೋಗಿ ನೋಡಿದರೆ ಎರಡು ಪೈಪು ಚಪ್ಪಟೆ, ಒಂದು ಡಬ್ಬವೂ ಚಪ್ಪಟೆ. ಆ ಒಂದು ಜಾಗಕ್ಕೆ ಮಾತ್ರ ರಾತ್ರಿಯಿಡೀ ನೀರು ಬಿದ್ದು ಕೆಸರಾಗಿತ್ತು. ಅಂದಿನಿಂದ ಹಲಸನ್ನು ಎಳೆಯದಾಗಿರುವಾಗಲೇ ಇಳಿಸಿಬಿಡುತ್ತೇವೆ. ಹಾಗಾಗಿ ಮಾರ್ಚ್ ಪೂರ್ತಿ ನಮ್ಮ ಮನೆಯಲ್ಲಿ ಗುಜ್ಜೆ ಪಲ್ಯ. ಮೊದಲ ವಾರ ಎಲ್ಲರಿಗೂ ಇಷ್ಟ, ಆಮೇಲೆ ತಟ್ಟೆ ನೋಡಿದ ಕೂಡಲೇ ಮಕ್ಕಳ ಮುಖ ಸಣ್ಣಗಾಗುತ್ತದೆ.

ಹೂವು ಬಿರಿದ ದಿನ ನಾನು ಆರು ಗಂಟೆಗೇ ತೋಟಕ್ಕೆ ಇಳಿಯುತ್ತೇನೆ, ಕೆಲಸವೇನೂ ಇರುವುದಿಲ್ಲ. ಗಿಣ್ಣು ಗಿಣ್ಣಿಗೆ ಒತ್ತೊತ್ತಾಗಿ ಹೂವು ಕೂತು ಎಲೆಯೇ ಕಾಣುವುದಿಲ್ಲ. ಮೊದಲು ಪರಿಮಳ, ಬಿಸಿಲು ತಾಗಿದ ಮೇಲೆ ಸದ್ದು. ಹೆಜ್ಜೇನು, ತುಡುವೆ ಎಲ್ಲ ಸೇರಿ ತೋಟವೇ ಗುಂಯ್ಗುಡುತ್ತದೆ. ಒಂದು ಹೂವನ್ನು ಹತ್ತಿರದಿಂದ ನೋಡಿದರೆ ಜೇನು ಅಲ್ಲಿ ಕೂರುವುದು ಕ್ಷಣ ಮಾತ್ರ. ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಮುಂದಿನ ಹೂವಿಗೆ, ಅಲ್ಲಿಂದ ಪಕ್ಕದ ಗಿಡಕ್ಕೆ ಹಾರುತ್ತದೆ. ಆ ಪಕ್ಕದ ಗಿಡವೇ ಮುಖ್ಯ. ಇನ್ನೊಂದು ಜಾತಿಯ ಕಾಫಿ ಅರೇಬಿಕಾಕ್ಕೆ ತನ್ನ ಪರಾಗವೇ ಸಾಕು. ರೋಬಸ್ಟಾಕ್ಕೆ ಬೇರೆ ಗಿಡದ್ದೇ ಬೇಕು, ಅದನ್ನು ಗಾಳಿ ತರಬೇಕು ಇಲ್ಲವೇ ಜೇನು ತರಬೇಕು. ಪೆರಿಡೇನಿಯಾ ಅನ್ನುವ ಹಳೇ ರೋಬಸ್ಟಾ ತಳಿಯ ಗಿಡ ಕಿತ್ತು ಪೂರ್ತಿ ಸಿಎಕ್ಸ್‌ಆರ್ ಅನ್ನುವ ಮಿಶ್ರತಳಿ ಹಾಕಿ ಅಂತ ನನಗೆ ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಅಲ್ಲಲ್ಲಿ ಹಳೆಯದನ್ನು ಉಳಿಸಿಕೊಂಡೇ ಇದ್ದೇನೆ. ಬೆರಕೆ ಇರಲಿ.

ಆ ಮೂರು ನಾಲ್ಕು ದಿನ ತೋಟದಲ್ಲಿ ಔಷಧಿ ಇಲ್ಲ, ಕಳೆ ಕಡಿಯುವ ಮಿಷನ್ ಇಲ್ಲ, ನೀರಂತೂ ಇಲ್ಲವೇ ಇಲ್ಲ. ಬಿರಿದ ಹೂವಿನ ಮೇಲೆ ನೀರು ಬಿದ್ದರೆ ಪರಾಗ ತೊಳೆದು ಹೋಗುತ್ತದೆ. ಕರೆದಾಗ ಬಾರದ ಮಳೆ ಸರಿಯಾಗಿ ಆ ದಿನ ಬಂದು ಮುಖಕ್ಕೆ ಹೊಡೆದದ್ದೂ ಉಂಟು.

ಪರಿಮಳ ಎಲ್ಲರಿಗೂ ಸುಖವಲ್ಲ. ಪೇಟೆಯಿಂದ ಬಂದವರು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಾರೆ. ನಮ್ಮ ಅತ್ತೆ ಸಂಜೆಯಾದ ಕೂಡಲೇ "ಆ ಕಿಟಕಿ ಹಾಕೇ, ತಲೆ ಸಿಡೀತಿದೆ" ಅಂತ ಕೂಗುತ್ತಾರೆ. ಹಣೆಗೆ ಅಮೃತಾಂಜನ ಹಚ್ಚಿಕೊಂಡರೆ ಮನೆಯೊಳಗೆ ಅದರ ವಾಸನೆ, ಹೊರಗೆ ಹೂವಿನದು. ನನಗೆ ತಲೆನೋವು ಬರುವುದು ರಸ್ತೆ ಬದಿಯ ಬ್ಲಾಕಿನಿಂದ. ಕಾರು ನಿಲ್ಲಿಸಿ, ಬೇಲಿ ದಾಟಿ, ರೆಂಬೆ ಮುರಿದು ಕಿವಿಗೆ ಸಿಕ್ಕಿಸಿಕೊಂಡು ಫೋಟೋ ತೆಗೆಯುತ್ತಾರೆ. ಒಂದೊಂದು ಹೂವೂ ಒಂದೊಂದು ಕಾಯಿ ಅಂತ ಹೇಳಿದರೆ "ಒಂದೇ ಅಲ್ವಾ ಆಂಟಿ" ಅನ್ನುತ್ತಾರೆ. ಒಂದು ರೆಂಬೆ ಅಂದರೆ ಎಷ್ಟು ಹೂವು ಅನ್ನುವುದು ಅವರ ಲೆಕ್ಕದಲ್ಲಿಲ್ಲ. ಈಗ ರಸ್ತೆಯ ಪಕ್ಕದ ಸಾಲಿಗೆ ಹಸಿರು ಬಲೆ ಕಟ್ಟುತ್ತೇನೆ. ಚಂದ ಕಾಣುವುದಿಲ್ಲ, ಅದಕ್ಕೇ ಯಾರೂ ನಿಲ್ಲುವುದಿಲ್ಲ.

ಉಳಿದ ಕಿರಿಕಿರಿಗಳಿಗೆಲ್ಲ ಒಂದೊಂದು ಉಪಾಯ ಇದೆ. ತರಗೆಲೆಯಲ್ಲಿ ಓಡಾಡಿದರೆ ಉಣ್ಣಿ ಮರಿ ಹತ್ತುತ್ತದೆ, ಕಾಲಿಗಿಂತ ಸೊಂಟದ ಹತ್ತಿರ ಕಚ್ಚುವುದು ಅದಕ್ಕೆ ಇಷ್ಟ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಬಂದ ಕೂಡಲೇ ಬಟ್ಟೆಯನ್ನು ಹೊರಗೇ ಬಿಟ್ಟು ಬಿಸಿನೀರು ಸ್ನಾನ ಮಾಡಬೇಕು. ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳ ದೀಪಕ್ಕೆ ಮುತ್ತಿ ಸಾರಿನ ಪಾತ್ರೆಗೆ ಬೀಳುತ್ತದೆ. ಊಟದ ಮನೆಯ ದೀಪ ಆರಿಸಿ, ಜಗಲಿಯಲ್ಲಿ ಒಂದು ಬಲ್ಬ್ ಹಾಕಿ, ಅದರ ಕೆಳಗೆ ಅಗಲ ಬಾಯಿಯ ಬೋಗುಣಿಯಲ್ಲಿ ನೀರಿಟ್ಟರೆ ಮುಕ್ಕಾಲು ಪಾಲು ಅಲ್ಲೇ ಬೀಳುತ್ತವೆ. ಕೋಳಿಗಳಿಗೆ ಬೆಳಿಗ್ಗೆ ಹಬ್ಬ. ಜೀರುಂಡೆಗೆ ಮಾತ್ರ ಉಪಾಯ ಇಲ್ಲ. ಅದು ಶುರುವಾದರೆ ಫೋನಿನಲ್ಲಿ ಮಾತಾಡುವವರು "ನಿಮ್ಮ ಮಿಕ್ಸಿ ಆಫ್ ಮಾಡಿ" ಅನ್ನುತ್ತಾರೆ.

ಏಪ್ರಿಲಿನಲ್ಲಿ ಕಾಡುಮಾವು ಉದುರಲು ಶುರುವಾದರೆ ಅತ್ತೆಯ ತಲೆನೋವೂ ಮಾಯ. ಇಡೀ ಹಣ್ಣನ್ನೇ ಸಿಪ್ಪೆ ಬಿಡಿಸಿ ಬೆಲ್ಲ, ಮೆಣಸಿನಪುಡಿ, ಈರುಳ್ಳಿ ಹಾಕಿ ಕುದಿಸಿ ಒಗ್ಗರಣೆ ಕೊಡುತ್ತಾರೆ. ಅಕ್ಕಿ ರೊಟ್ಟಿಯ ಜೊತೆ ತಿಂದು ಓಟೆ ಚೀಪುವಾಗ ಮೊಣಕೈವರೆಗೆ ಇಳಿಯುತ್ತದೆ, ಯಾರೂ ಮಾತಾಡುವುದಿಲ್ಲ.

ಅಷ್ಟು ಹೊತ್ತಿಗೆ ಬ್ಯಾಕಿಂಗ್ ಮಳೆಯ ಚಿಂತೆ ಶುರುವಾಗಿರುತ್ತದೆ. ಹೂವಾದ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ನೀರು ಸಿಗದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡುವುದು, ಆಮೇಲೆ ಫೋನ್. ನಮ್ಮಲ್ಲಿ ಲೆಕ್ಕ ಸೆಂಟಿನಲ್ಲಿ, ನೂರು ಸೆಂಟ್ ಆದರೆ ಒಂದು ಇಂಚು. ಮಳೆಗೆ ಇಲ್ಲಿ ಗುಡ್ಡದ ಆಚೆ ಈಚೆ ಅನ್ನುವ ಭೇದ ಇದೆ. ಅಮ್ಮತ್ತಿಯಲ್ಲಿರುವ ಭಾವ "ಎಷ್ಟು ಬಂತು?" ಅಂತಾರೆ. "ನಲವತ್ತು" ಅಂದರೆ "ಛೆ, ನಮ್ಮಲ್ಲಿ ಎಂಬತ್ತೈದು." ಅವರಿಗೆ ಯಾವಾಗಲೂ ನಮಗಿಂತ ದುಪ್ಪಟ್ಟು. ಅವರ ಮಳೆಮಾಪಕ ಮಾಡಿನ ನೀರು ಸುರಿಯುವಲ್ಲಿ ಇದೆ ಅಂತ ನನ್ನ ಗುಮಾನಿ. ನಲವತ್ತು ಸಾಲದು, ಉಳಿದದ್ದನ್ನು ಅಂದೇ ರಾತ್ರಿ ಜೆಟ್ ಹಾಕಿ ತುಂಬಿಸಬೇಕು, ಕೆರೆಯಲ್ಲಿ ನೀರಿದ್ದರೆ. ಕೆರೆಯ ತಳ ಕಂಡ ವರ್ಷ ಎಂಟು ಗಂಟೆಯ ಫೋನ್ ಎತ್ತುವುದಿಲ್ಲ.