ಡೀಲರ್ ಹೇಳಿದ ಸರ್ವಿಸ್ ಎಲ್ಲಾ ಮಾಡಿಸಲೇಬೇಕಾ?

ಅಮೆರಿಕದಲ್ಲಿ ಹೊಸ ಟೊಯೋಟಾ ಕೊಂಡರೆ ಎರಡು ವರ್ಷ ಅಥವಾ 25,000 ಮೈಲಿವರೆಗೆ ಮಾಮೂಲಿ ಸರ್ವಿಸ್ ಬಿಟ್ಟಿ. ಕಿರಿಕಿರಿ ಶುರುವಾಗೋದು ಅದು ಮುಗಿದ ಮೇಲೆ. ಬರೀ ಆಯಿಲ್ ಬದಲಾಯಿಸೋಕೆ ಅಂತ ಹೋದರೆ ‘30,000 ಮೈಲಿ ಪ್ಯಾಕೇಜ್’ ಅಂತ ನೂರಾರು ಡಾಲರ್‌ನ ಎಸ್ಟಿಮೇಟ್ ಕೈಗೆ ಬರುತ್ತದೆ.

ಅದನ್ನು ಕೊಡುವವರು ಕೌಂಟರ್‌ನಲ್ಲಿ ಕೂರುವ ಸರ್ವಿಸ್ ಅಡ್ವೈಸರ್, ಮೆಕ್ಯಾನಿಕ್ ಅಲ್ಲ. ಎಷ್ಟೋ ಕಡೆ ಅವರಿಗೆ ಬಿಲ್ಲಿನ ಮೇಲೆ ಕಮಿಷನ್ ಇರುತ್ತದೆ. ಹಾಗಂತ ಅವರು ಹೇಳುವುದೆಲ್ಲ ಸುಳ್ಳು ಅಂತಲ್ಲ. ಪಟ್ಟಿಯಲ್ಲಿ ಕಂಪನಿ ಹೇಳಿದ್ದು ಯಾವುದು, ಡೀಲರ್ ಸೇರಿಸಿದ್ದು ಯಾವುದು ಅಂತ ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಕಂಪನಿ ಹೇಳಿದ್ದು ಗ್ಲೋವ್ ಬಾಕ್ಸ್‌ನಲ್ಲಿರುವ ಮ್ಯಾನ್ಯುಯಲ್‌ನಲ್ಲಿದೆ. 0ಡಬ್ಲ್ಯೂ-20 ದರ್ಜೆಯ ಸಿಂಥೆಟಿಕ್ ಆಯಿಲ್ ಹಾಕುವ ಹೆಚ್ಚಿನ ಟೊಯೋಟಾಗಳಿಗೆ 10,000 ಮೈಲಿ ಅಥವಾ ಒಂದು ವರ್ಷಕ್ಕೆ ಆಯಿಲ್ ಚೇಂಜ್, 5,000 ಮೈಲಿಗೊಮ್ಮೆ ಟೈರ್ ರೊಟೇಷನ್ (ಟೈರ್‌ಗಳ ಜಾಗ ಅದಲು ಬದಲು ಮಾಡುವುದು). ಡೀಲರ್ ಮಾತ್ರ ಆಯಿಲ್ ಸ್ಟಿಕ್ಕರ್ ಮೇಲೆ 5,000 ಅಂತ ಬರೆದು ಅಂಟಿಸಿರಬಹುದು. ಹೋಂಡಾದಲ್ಲಿ ಕಾರೇ ಹೇಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಎ1 ಅಂತ ಬಂದರೆ ಆಯಿಲ್ ಮತ್ತು ಟೈರ್ ರೊಟೇಷನ್. 3 ಬಂದರೆ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಅಂದರೆ ಗೇರ್‌ಬಾಕ್ಸ್ ಆಯಿಲ್. ಕೋಡ್ ಬರದೇ ಇದ್ದದ್ದನ್ನು ಮಾಡೋಣ ಅಂದರೆ, ಯಾಕೆ ಅಂತ ಕೇಳಿ.

“ನಿಮ್ಮದು ಸಿವಿಯರ್ ಕಂಡೀಷನ್”, ಅಂದರೆ ಕಾರಿಗೆ ಕಷ್ಟದ ಬಳಕೆ, ಅನ್ನುವ ಮಾತೂ ಬರುತ್ತದೆ. ಇದು ಪೂರ್ತಿ ಬೊಗಳೆಯಲ್ಲ. ಮಿನ್ನೆಸೋಟಾದ ಚಳಿಯಲ್ಲಿ ದಿನಾ ಎರಡೇ ಮೈಲಿ ಓಡಿಸುವವರಿಗೆ, ಧೂಳಿನ ದಾರಿಯಲ್ಲಿ ಓಡಾಡುವವರಿಗೆ, ಟ್ರೇಲರ್ ಎಳೆಯುವವರಿಗೆ ಬೇಗ ಆಯಿಲ್ ಬದಲಾಯಿಸಿ ಅಂತ ಮ್ಯಾನ್ಯುಯಲ್ಲೇ ಹೇಳುತ್ತದೆ. ಹೈವೇಯಲ್ಲಿ ಆಫೀಸಿಗೆ ಹೋಗಿಬರುವವರಿಗೆ ಅದು ಅನ್ವಯಿಸುವುದಿಲ್ಲ.

ಎಂಜಿನ್ ಫ್ಲಷ್, ಇಂಜೆಕ್ಟರ್ ಕ್ಲೀನಿಂಗ್‌ಗೆ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಟೈರಿಗೆ ಗಾಳಿ ಬದಲು ನೈಟ್ರೋಜನ್ ತುಂಬಿಸುವುದಂತೂ ತಮಾಷೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಅಲ್ವಾ?

ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬೇಕಾದದ್ದೇ, ಆದರೆ ಅದಕ್ಕೆ ಎಂಬತ್ತು ಡಾಲರ್ ಯಾಕೆ? ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಗೆ ಒತ್ತಿದರೆ ಅದು ಕೆಳಗೆ ಜಗ್ಗುತ್ತದೆ. ಹಿಂದೆ ಸಣ್ಣ ಮುಚ್ಚಳ. ತೆಗೆದು, ಎಲೆ ಕಸ ತುಂಬಿದ ಹಳೆಯದನ್ನು ಎಳೆದು, ಬಾಣದ ಗುರುತು ನೋಡಿಕೊಂಡು ಹೊಸದನ್ನು ತೂರಿಸಿ. ಹತ್ತು ನಿಮಿಷದ ಕೆಲಸ, ಇಪ್ಪತ್ತು ಡಾಲರ್ ಆಸುಪಾಸಿನ ಖರ್ಚು.

ಬ್ರೇಕ್ ವಿಷಯದಲ್ಲಿ ಡೀಲರ್ ಕೊಡುವ ತಪಾಸಣೆ ಪಟ್ಟಿಯ ಹಳದಿ, ಕೆಂಪು ಬಣ್ಣ ನೋಡಿ ಗಾಬರಿಯಾಗಬೇಡಿ. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಕೇಳಿ. ಹೊಸದು ಸುಮಾರು 10 ಮಿ.ಮೀ. ಇರುತ್ತದೆ. 6 ಇದ್ದರೆ ಇನ್ನೂ ಓಡುತ್ತದೆ, 3ಕ್ಕೆ ಬಂದರೆ ಬದಲಾಯಿಸಿ.

“ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ” ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ, ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದಷ್ಟಕ್ಕೇ ವಾರಂಟಿ ರದ್ದು ಮಾಡುವ ಹಾಗಿಲ್ಲ. ನೀವೇ ಮಾಡಿಕೊಂಡರೂ ಅಷ್ಟೆ. ಆದರೆ ತಾರೀಖು, ಮೈಲಿ ಬರೆದಿಟ್ಟು ಆಯಿಲ್, ಫಿಲ್ಟರ್ ಕೊಂಡ ರಸೀದಿಗಳನ್ನು ಎತ್ತಿಡಿ. ನಾಳೆ ಎಂಜಿನ್ ಕೆಟ್ಟರೆ ಕೇಳುವುದು ಅದನ್ನೇ. ಹೊರಗಿನ ಗ್ಯಾರೇಜ್ ಹುಡುಕುವಾಗ ಗೋಡೆ ಮೇಲೆ ಎ.ಎಸ್.ಇ. (ಪರೀಕ್ಷೆ ಪಾಸಾದ ಮೆಕ್ಯಾನಿಕ್‌ಗಳಿಗೆ ಕೊಡುವ) ಸರ್ಟಿಫಿಕೇಟ್ ಇದೆಯಾ ನೋಡಿ.

ನಮ್ಮವರಿಗೆ ಕಷ್ಟವಾಗುವುದು ಕೌಂಟರ್ ಮುಂದೆ ನಿಂತು ಬೇಡ ಅನ್ನುವುದು. ದಾಕ್ಷಿಣ್ಯಕ್ಕೆ ಬಸಿರಾಗಬೇಡಿ. “ಇವತ್ತು ಆಯಿಲ್ ಚೇಂಜ್ ಮಾತ್ರ, ಉಳಿದದ್ದು ಮ್ಯಾನ್ಯುಯಲ್ ನೋಡಿ ಹೇಳ್ತೀನಿ” ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೆ ದಿನಾ ಕೇಳಿ ಅಭ್ಯಾಸ.

ಹಾಗೆಂದು ಎಲ್ಲಕ್ಕೂ ಬೇಡ ಅನ್ನುವಂತಿಲ್ಲ. ಕಾರು ಜಾಸ್ತಿ ಓಡದಿದ್ದರೂ ಹೋಂಡಾಗಳಿಗೆ ಮೂರು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್ ಬದಲಾಯಿಸಬೇಕು. ಹೋಂಡಾದ ಒಡಿಸ್ಸಿ ವ್ಯಾನ್ ಇದ್ದರೆ ಸುಮಾರು 1,00,000 ಮೈಲಿಗೆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಾಯಿಸುವ ಸರದಿ ಬರುತ್ತದೆ. ಸಾವಿರ ಡಾಲರ್ ದಾಟಿದರೂ ಮಾಡಿಸಿ. ಬೆಲ್ಟ್ ಕಿತ್ತರೆ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ನೇ ಹೋಗಬಹುದು.

ಡೀಲರ್ ಹತ್ತಿರವೇ ಹೋಗಬೇಕಾದದ್ದು ರಿಕಾಲ್‌ಗೆ, ಅಂದರೆ ಸುರಕ್ಷತೆಯ ದೋಷ ಇದೆ ಅಂತ ಕಂಪನಿ ಕಾರನ್ನು ರಿಪೇರಿಗೆ ವಾಪಸ್ ಕರೆದಾಗ. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್.ಎಚ್.ಟಿ.ಎಸ್.ಎ. ವೆಬ್‌ಸೈಟಿನಲ್ಲಿ ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ (ವಿ.ಐ.ಎನ್.) ಹಾಕಿದರೆ ಬಾಕಿ ಇರುವ ರಿಕಾಲ್ ಕಾಣುತ್ತದೆ. ಅದನ್ನು ದುಡ್ಡಿಲ್ಲದೆ ಸರಿ ಮಾಡಿಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಇವತ್ತೇ ನೋಡಿ, ಹಳೇ ಮಾಲೀಕರಿಗೆ ಹೋದ ಕಾಗದ ನಿಮಗೆ ಬಂದಿರುವುದಿಲ್ಲ.